ನೆಲ್ಸನ್ ಹೆಸರಿನ ಡಾಕ್‌ಯಾರ್ಡು: ಅರಮನೆ ಅಂತ ಹೋಗ್ಬೇಡಿ, ಗ್ಯಾರೇಜು ಅಂತ ಹೋಗಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಇರೋದು. ಡಿಸೆಂಬರಲ್ಲಿ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದೀವಿ, ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಮೈಸೂರಿಂದ ಬಂದಿರೋ ಅಪ್ಪ ಅಮ್ಮ. ಒಂದು ದಿನ ಆಂಟಿಗುವಾದಲ್ಲಿ ಹಡಗು ನಿಲ್ಲತ್ತೆ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ನನಗೆ ನೆಲ್ಸನ್ಸ್ ಡಾಕ್‌ಯಾರ್ಡ್ ನೋಡೋ ಆಸೆ, ಹೆಂಡತಿ ಹೇಳ್ತಾಳೆ "ಹಳೇ ಇಟ್ಟಿಗೆ ಗೋಡೆ ನೋಡಕ್ಕೆ ಅಷ್ಟು ದೂರ ಯಾಕೆ, ಬೀಚಿಗೆ ಹೋಗೋಣ" ಅಂತ. ಅಪ್ಪಂಗೆ ಎಪ್ಪತ್ತೆರಡು, ಮಂಡಿ ನೋವಿದೆ, ಇತಿಹಾಸಕ್ಕಿಂತ ಕ್ರಿಕೆಟ್ ಹುಚ್ಚು ಜಾಸ್ತಿ. ಅಲ್ಲಿ ನಿಜವಾಗ್ಲೂ ನೋಡೋದು ಏನಿದೆ? ಹೇಗೆ ನೋಡ್ಬೇಕು?

ಉತ್ತರ: ಹೋಗಿ. ಬೀಚು ಬಿಡಬೇಕಾಗೂ ಇಲ್ಲ, ಅದನ್ನ ಆಮೇಲೆ ಹೇಳ್ತೀನಿ. ಆದ್ರೆ ನಿಮ್ಮ ಮನೆಯವರು ಹೇಳಿದ್ರಲ್ಲೂ ಅರ್ಧ ನಿಜ ಇದೆ ನೋಡಿ, ಅಲ್ಲಿಗೆ ಹೋಗೋ ಕ್ರೂಸ್ ಜನದಲ್ಲಿ ಎಷ್ಟೋ ಮಂದಿ ಒಂದು ಗಂಟೆ ಸುತ್ತಾಡಿ, ಚೆಂದದ ಕಲ್ಲಿನ ಬಿಲ್ಡಿಂಗು, ಚೆಂದದ ಯಾಟು, ಎರಡು ಫೋಟೋ, ಒಂದು ಐಸ್‌ಕ್ರೀಮು ಅಂತ ಮುಗಿಸಿ ವಾಪಸ್ ಬರ್ತಾರೆ. ಅವರದ್ದೂ ತಪ್ಪಲ್ಲ. ಹೆಸರಲ್ಲೇ ನೆಲ್ಸನ್ ಅಂತ, ಅಂದ್ರೆ ಬ್ರಿಟಿಷ್ ನೌಕಾಪಡೆಯ ಆ ಫೇಮಸ್ ಅಡ್ಮಿರಲ್, ಇರೋದ್ರಿಂದ ಏನೋ ದೊಡ್ಡ ಯುದ್ಧವೀರನ ಮನೆ, ಕತ್ತಿ, ಟೋಪಿ ಎಲ್ಲ ಇರತ್ತೆ ಅಂದ್ಕೊಂಡು ಹೋಗ್ತಾರೆ. ಅದು ಹಾಗಲ್ಲ. ಅದು ಹಡಗಿನ ಗ್ಯಾರೇಜು. ನಾನು ಇಪ್ಪತ್ತು ವರ್ಷದ ಮೇಲೆ ಹಡಗು ರಿಪೇರಿ ಕೆಲಸದಲ್ಲೇ ಇದೀನಿ, ಆಂಟಿಗುವಾಗೆ ಎರಡು ಸಲ ಹೋಗಿದೀನಿ, ಮೊದಲನೇ ಸಲ ನನಗೂ ಇದು ಹೊಳೀಲಿಲ್ಲ, ಎರಡನೇ ಸಲ ದಡದ ಮೇಲಿನ ಒಂದು ಕಬ್ಬಿಣ-ಮರದ ದುಂಡನೆ ಯಂತ್ರದ ಮುಂದೆ ನಿಂತಾಗ ಹೊಳೀತು, ಅಯ್ಯೋ ಇದು ನಮ್ಮ ವರ್ಕ್‌ಶಾಪೇ ಅಲ್ವಾ ಅಂತ. ಅಲ್ಲಿಂದ ಪ್ರತಿಯೊಂದು ಬಿಲ್ಡಿಂಗೂ ಮಾತಾಡಕ್ಕೆ ಶುರು ಮಾಡ್ತು.

ಮೊದಲು ಜಾಗ. ಆಂಟಿಗುವಾ ದ್ವೀಪದ ದಕ್ಷಿಣದ ಅಂಚಲ್ಲಿ ಇಂಗ್ಲಿಷ್ ಹಾರ್ಬರ್ ಅಂತ ಒಂದು ಬಂದರು, ಡಾಕ್‌ಯಾರ್ಡು ಇರೋದು ಅದರೊಳಗೇ. ಮ್ಯಾಪಲ್ಲಿ ಒಂದ್ಸಲ ಝೂಮ್ ಮಾಡಿ ನೋಡಿ, ಬಾಯಿ ಸಣ್ಣದು, ಒಳಗೆ ಬಂದ ಮೇಲೆ ನೀರು ತಿರುಗತ್ತೆ, ಸುತ್ತ ಗುಡ್ಡ. ಒಳಗಡೆ ನಿಂತ್ರೆ ಹೊರಗಿನ ಸಮುದ್ರ ಕಾಣೋದೇ ಇಲ್ಲ ಅನ್ನೋ ಥರ. ಕೆರಿಬಿಯನ್ನಲ್ಲಿ ಇಂಥ ಜಾಗ ಚಿನ್ನ, ಯಾಕಂದ್ರೆ ಚಂಡಮಾರುತ. 1723ರಲ್ಲಿ ಒಂದು ಭಾರೀ ಹರಿಕೇನ್ ಬಂದು ದ್ವೀಪದ ಬೇರೆ ಬಂದರುಗಳಲ್ಲಿದ್ದ ಹಡಗುಗಳನ್ನೆಲ್ಲ ದಡಕ್ಕೆ ಎಸೆದಾಗ ಇದರೊಳಗಿದ್ದ ನೌಕಾಪಡೆಯ ಎರಡು ಹಡಗು, ಹೆಕ್ಟರ್ ಮತ್ತೆ ವಿಂಚೆಲ್ಸಿ, ಏನೂ ಆಗದೆ ಉಳ್ಕೊಂಡ್ವು. ಆಮೇಲೆ ಬ್ರಿಟಿಷರಿಗೆ ಬೇರೆ ಸರ್ಟಿಫಿಕೇಟ್ ಬೇಕಾಗಿರಲಿಲ್ಲ. ಮೊದಲು ರಿಪೇರಿಗೆ ಅಂತ ಹಡಗುಗಳು ಉತ್ತರ ಅಮೆರಿಕದವರೆಗೂ ಹೋಗ್ಬೇಕಿತ್ತು, ಅಷ್ಟು ದಿನ ಇಲ್ಲಿ ಸಕ್ಕರೆ ದ್ವೀಪಗಳಿಗೆ ಕಾವಲಿಲ್ಲ. ಆಗಿನ ಕಾಲಕ್ಕೆ ಸಕ್ಕರೆ ಅಂದ್ರೆ ಈಗಿನ ಪೆಟ್ರೋಲ್ ಇದ್ದ ಹಾಗೆ, ಪಕ್ಕದಲ್ಲೇ ಗ್ವಾಡೆಲೂಪ್, ಮಾರ್ಟಿನಿಕ್‌ನಲ್ಲಿ ಫ್ರೆಂಚರು ಬಾಯಿ ತೆಗೆದುಕೊಂಡು ಕೂತಿದ್ರು. ಇನ್ನೊಂದು ವಿಷಯ, ಅಲ್ಲಿ ಗಾಳಿ ವರ್ಷಪೂರ್ತಿ ಹೆಚ್ಚುಕಮ್ಮಿ ಪೂರ್ವದಿಂದಲೇ ಬೀಸತ್ತೆ, ಹಾಯಿ ಹಡಗಿಗೆ ಗಾಳಿಯ ಜೊತೆ ಓಡೋದು ಸುಲಭ, ಎದುರು ಹೋಗೋದು ಸಾವು. ಆಂಟಿಗುವಾ ಇರೋದು ಪೂರ್ವದ ಸಾಲಲ್ಲಿ. ಅಂದ್ರೆ ಗಾಳಿ ಬೆನ್ನಿಗಿಟ್ಕೊಂಡು ಪಶ್ಚಿಮದ ಕಡೆ ಎಲ್ಲಿಗೆ ಬೇಕಾದ್ರೂ ನುಗ್ಗಬಹುದು.

ಈಗ ಗ್ಯಾರೇಜು ವಿಷಯ. ಮರದ ಹಡಗನ್ನ ಬಿಸಿ ನೀರಿನ ಸಮುದ್ರದಲ್ಲಿ ಬಿಟ್ರೆ ಎರಡು ತೊಂದರೆ. ಒಂದು, ತಳಕ್ಕೆ ಪಾಚಿ, ಚಿಪ್ಪು ಹತ್ಕೊಂಡು ಗಡ್ಡ ಬೆಳೆದ ಹಾಗೆ ಆಗತ್ತೆ, ವೇಗ ಹೋಗತ್ತೆ. ಎರಡು, ಟೆರೀಡೋ ಅನ್ನೋ ಹುಳ. ಅದು ನಿಜಕ್ಕೂ ಹುಳ ಅಲ್ಲ, ಕಪ್ಪೆಚಿಪ್ಪಿನ ಜಾತಿದು, ಉದ್ದಕ್ಕೆ ಹುಳದ ಥರ ಇರತ್ತೆ, ಮರದೊಳಗೆ ಸುರಂಗ ಕೊರ್ಕೊಂಡು ಹೋಗತ್ತೆ. ಹೊರಗಿಂದ ಹಲಗೆ ಗಟ್ಟಿ, ಒಳಗೆ ಜೇನುಗೂಡು. ಮನೆಗೆ ಗೆದ್ದಲು ಹತ್ತಿದ್ರೆ ಹೇಗೋ ಹಾಗೆ, ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ. ಹಾಗಾಗಿ ಆಗಾಗ ತಳ ನೋಡ್ಲೇಬೇಕು. ನೀರಿನ ಕೆಳಗಿರೋ ತಳ ನೋಡೋದು ಹೇಗೆ? ಈಗಾದ್ರೆ ಡ್ರೈ ಡಾಕ್‌ಗೆ ಹಾಕಿ ನೀರು ಖಾಲಿ ಮಾಡ್ತೀವಿ. ಇಂಗ್ಲಿಷ್ ಹಾರ್ಬರಲ್ಲಿ ಡ್ರೈ ಡಾಕ್ ಇರಲೇ ಇಲ್ಲ! ಅವರು ಹಡಗನ್ನೇ ಮಗ್ಗುಲಿಗೆ ಮಲಗಿಸ್ತಿದ್ರು.

ಇದನ್ನ ಮಗಳಿಗೆ ಅಲ್ಲೇ ನಿಂತು ಹೇಳಿ, ಇಡೀ ಟ್ರಿಪ್ಪಲ್ಲಿ ಅವಳಿಗೆ ನೆನಪಿರೋದು ಇದೊಂದೇ ಆದ್ರೂ ಆಶ್ಚರ್ಯ ಇಲ್ಲ. ಮೊದಲು ಹಡಗಲ್ಲಿರೋ ಫಿರಂಗಿ, ಗುಂಡು, ನೀರಿನ ಪೀಪಾಯಿ, ತಳದಲ್ಲಿ ಭಾರಕ್ಕೆ ಹಾಕಿರೋ ಕಲ್ಲು ಕಬ್ಬಿಣ, ಕೂಳು ಕಾಳು, ಜನ, ಎಲ್ಲ ಕೆಳಗಿಳಿಸೋದು. ಕೂವೆಮರದ (ಹಾಯಿ ಕಟ್ಟೋ ಎತ್ತರದ ಕಂಬ) ಮೇಲಿನ ತುಂಡುಗಳನ್ನ ಬಿಚ್ಚೋದು. ಖಾಲಿ ಹಡಗನ್ನ ದಡದ ಕಲ್ಲುಕಟ್ಟೆ ಪಕ್ಕ ತಂದು ನಿಲ್ಲಿಸಿ, ಕೂವೆಮರದ ತಲೆಗೆ ತೋಳು ದಪ್ಪದ ಹಗ್ಗ ಕಟ್ಟಿ, ರಾಟೆಗಳ ಮೂಲಕ ಆ ಹಗ್ಗವನ್ನ ದಡದ ಮೇಲಿನ ಕ್ಯಾಪ್‌ಸ್ಟನ್‌ಗೆ ಸುತ್ತೋದು. ಕ್ಯಾಪ್‌ಸ್ಟನ್ ಅಂದ್ರೆ ನೆಟ್ಟಗೆ ನಿಂತಿರೋ ದೊಡ್ಡ ಉರುಳೆ, ತಲೆಯಲ್ಲಿ ತೂತುಗಳು, ಅದಕ್ಕೆ ಉದ್ದ ಮರದ ಕೋಲು ಚುಚ್ಚಿ ಹತ್ತಾರು ಜನ ಎದೆ ಕೊಟ್ಟು ತಳ್ಳುತ್ತಾ ಸುತ್ತೋದು. ನಮ್ಮ ಎಣ್ಣೆ ಗಾಣದಲ್ಲಿ ಎತ್ತು ಸುತ್ತತ್ತಲ್ಲ, ಅದೇ ಲೆಕ್ಕ, ಆದ್ರೆ ಎತ್ತಿನ ಜಾಗದಲ್ಲಿ ಮನುಷ್ಯರು. ಹಗ್ಗ ಬಿಗಿಯಾಗ್ತಾ ಹಡಗು ನಿಧಾನಕ್ಕೆ ಓರೆಯಾಗಿ, ಕಿರ್ ಅಂತ ನರಳ್ತಾ, ಕೊನೆಗೆ ತಳದ ನಡುಬೆನ್ನು ನೀರಿಂದ ಮೇಲೆ ಕಾಣೋ ಅಷ್ಟು ಮಲಗತ್ತೆ. ಆಗ ತೆಪ್ಪದ ಮೇಲೆ ನಿಂತ್ಕೊಂಡು ಪಾಚಿ ಚಿಪ್ಪನ್ನ ಬೆಂಕಿ ಹಿಡಿದು ಸುಟ್ಟು, ಕೆರೆದು, ಕೊಳೆತ ಹಲಗೆ ಬದಲಿಸಿ, ಹಲಗೆಗಳ ಸಂದಿಗೆ ಟಾರು ಹಚ್ಚಿದ ನಾರು ಗಟ್ಟಿಯಾಗಿ ತುರುಕಿ, ಮೇಲೆ ಬಿಸಿ ಟಾರು ಬಳೀತಿದ್ರು. ಮುಗೀತಾ? ಇಲ್ಲ, ಹಡಗು ತಿರುಗಿಸಿ ಇನ್ನೊಂದು ಮಗ್ಗುಲು. ಒಂದು ಸಣ್ಣ ತಪ್ಪಾದ್ರೆ ಕೂವೆಮರ ಮುರಿಯತ್ತೆ, ಇಲ್ಲಾ ಬಾಗಿಲು ಕಿಟಕಿಯಿಂದ ನೀರು ನುಗ್ಗಿ ಹಡಗು ಅಲ್ಲೇ ಮುಳುಗತ್ತೆ. ನಾನು ಕೆಲಸ ಕಲಿತ ಕಾಲದಲ್ಲಿ ಮಂಗಳೂರ ಕಡೆ ಮೀನುದೋಣಿಗಳನ್ನ ಮಳೆಗಾಲಕ್ಕೆ ದಡಕ್ಕೆ ಎಳೆದು ತಳ ಕೆರೆಯೋದನ್ನ ನೋಡಿದೀನಿ, ಅದಕ್ಕೇ ಅಷ್ಟು ಜನ ಅಷ್ಟು ಕೂಗಾಟ ಬೇಕಿತ್ತು. ಇದು ನಲವತ್ತು ಐವತ್ತು ಫಿರಂಗಿ ಹೊರೋ ಯುದ್ಧದ ಹಡಗು!

ಆ ಕ್ಯಾಪ್‌ಸ್ಟನ್‌ಗಳು ಈಗಲೂ ದಡದಲ್ಲಿ ನಿಂತಿದಾವೆ. ಜನ ಅದರ ಪಕ್ಕದಲ್ಲಿ ಬ್ಯಾಗಿಟ್ಟು ಸೆಲ್ಫಿ ತಗೋತಾರೆ. ನೀವು ಅಲ್ಲಿಂದಲೇ ಶುರು ಮಾಡಿ. ಕ್ಯಾಪ್‌ಸ್ಟನ್ ಪಕ್ಕ ನಿಂತು ನೀರಿನ ಕಡೆ ನೋಡಿ, ಹಡಗು ಎಲ್ಲಿ ಮಲಗ್ತಿತ್ತು ಅಂತ ಅಂದಾಜು ಮಾಡಿ, ಆಮೇಲೆ ಹಿಂದೆ ತಿರುಗಿ. ಈಗ ಬಿಲ್ಡಿಂಗುಗಳೆಲ್ಲ ಅರ್ಥ ಆಗತ್ವೆ: ಇದು ಹಗ್ಗ ಮತ್ತೆ ಹಾಯಿಬಟ್ಟೆ ಇಡೋ ಗೋಡೌನು, ಇದು ಮರ ಕೊಯ್ಯೋ ಜಾಗ, ಅದು ಸಂಬಳ ಕೊಡೋ ಆಫೀಸು, ಇದು ಅಡುಗೆಮನೆ, ಹಡಗು ಮಲಗಿದ್ದಾಗ ನಾವಿಕರಿಗೆ ಇರಕ್ಕೆ ಜಾಗ ಬೇಕಲ್ಲ, ಅದಕ್ಕೆ ಗೋಡೌನಿನ ಮೇಲಿನ ಮಹಡಿ. ಈಗ ಅಡ್ಮಿರಲ್ಸ್ ಇನ್ ಅಂತ ಹೋಟೆಲ್ ಇದೆಯಲ್ಲ, ಹೆಸರು ಕೇಳಿದ್ರೆ ಅಡ್ಮಿರಲ್ ಬಂದು ಮಲಗ್ತಿದ್ದ ಅನ್ಸತ್ತೆ, ಆದ್ರೆ 1788ರಲ್ಲಿ ಅದನ್ನ ಕಟ್ಟಿದ್ದು ಟಾರು, ಟರ್ಪೆಂಟೈನ್, ಸೀಸ ಇಡಕ್ಕೆ, ಮೇಲ್ಗಡೆ ಎಂಜಿನಿಯರ್ ಆಫೀಸು. ಟಾರಿನ ಗೋಡೌನಲ್ಲಿ ಈಗ ಬಿಳಿ ಮೇಜುಬಟ್ಟೆ ಹಾಸಿ ಕಾಫಿ ಕೊಡ್ತಾರೆ. ಅದರ ಇಟ್ಟಿಗೆ ಇಂಗ್ಲೆಂಡಿಂದ ಬರುವಾಗ ಖಾಲಿ ಹಡಗಿಗೆ ಭಾರಕ್ಕೆ ಅಂತ ತುಂಬ್ಕೊಂಡು ಬಂದಿದ್ದು. ಅದರ ಪಕ್ಕದಲ್ಲೇ ದಪ್ಪ ದಪ್ಪ ಕಲ್ಲಿನ ಕಂಬಗಳು ಸಾಲಾಗಿ ಸೂರಿಲ್ಲದೆ ನಿಂತಿದಾವೆ, ನಮ್ಮವರು ನೋಡಿದ ತಕ್ಷಣ "ದೇವಸ್ಥಾನ ಇತ್ತಾ ಇಲ್ಲಿ" ಅಂತ ಕೇಳ್ತಾರೆ, ನಮ್ಮ ಅತ್ತಿಗೆ ಕೇಳೇಬಿಟ್ರು. ಅದು ದೋಣಿಮನೆ. ಕೆಳಗೆ ನೀರಿನ ಕಾಲುವೆ, ದೋಣಿ ನೇರ ಒಳಗೆ ಬರ್ತಿತ್ತು, ಮೇಲ್ಗಡೆ ಅಗಲವಾದ ಅಟ್ಟದಲ್ಲಿ ಹಾಯಿ ಹೊಲಿಯೋದು. 1871ರ ಹರಿಕೇನ್‌ಗೆ ಸೂರು ಹೋಯ್ತು, ಕಂಬ ಉಳೀತು. ಈಗ ಮದುವೆ ಫೋಟೋಗೆ ಫೇಮಸ್ಸು.

ಕಾಪರ್ ಅಂಡ್ ಲಂಬರ್ ಸ್ಟೋರ್ ಅಂತ ಇನ್ನೊಂದು ದೊಡ್ಡ ಬಿಲ್ಡಿಂಗ್ ಇದೆ, 1780ರ ದಶಕದ್ದು. ಇದರ ಹೆಸರಲ್ಲೇ ಕಥೆ ಇದೆ, ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ಇದು ನನ್ನ ಇಷ್ಟದ ವಿಷಯ. ಹುಳದ ಕಾಟಕ್ಕೆ ಬ್ರಿಟಿಷರು ಕಂಡುಕೊಂಡ ಔಷಧಿ ತಾಮ್ರ. ತಳಕ್ಕೆಲ್ಲ ತೆಳು ತಾಮ್ರದ ತಗಡು ಹೊಡೆದ್ರೆ ಹುಳನೂ ಕೊರೆಯಲ್ಲ, ಪಾಚಿನೂ ಹತ್ತಲ್ಲ. 1761ರಲ್ಲಿ ಅಲಾರ್ಮ್ ಅನ್ನೋ ಹಡಗಿಗೆ ಪ್ರಯೋಗ ಮಾಡಿ ವೆಸ್ಟ್ ಇಂಡೀಸಿಗೇ ಕಳಿಸಿದ್ರು. ವಾಪಸ್ ಬಂದು ತಗಡು ಬಿಚ್ಚಿ ನೋಡಿದ್ರೆ ಮರ ಚೆನ್ನಾಗಿದೆ, ಹುಳ ಇಲ್ಲ, ಆದ್ರೆ ತಗಡಿಗೆ ತಾಗಿದ್ದ ಕಬ್ಬಿಣದ ಮೊಳೆಗಳು ಪುಡಿಪುಡಿ! ಉಪ್ಪುನೀರಲ್ಲಿ ತಾಮ್ರ ಕಬ್ಬಿಣ ಒಂದಕ್ಕೊಂದು ತಾಗಿದ್ರೆ ಅಲ್ಲೊಂದು ಬ್ಯಾಟರಿ ಆಗಿಬಿಡತ್ತೆ, ಕಬ್ಬಿಣ ಕರಗ್ತಾ ಹೋಗತ್ತೆ. ತಮಾಷೆ ಏನಪ್ಪಾ ಅಂದ್ರೆ, ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನ ಕೆಲವು ಕಡೆ ಕೀಳದೆ ಹಾಗೇ ಮೊಳೆ ಹೊಡೆದಿದ್ರು, ಆ ಕಾಗದ ಉಳಿದಿದ್ದ ಕಡೆ ಮಾತ್ರ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಸೋಮಾರಿತನದಿಂದ ಹುಟ್ಟಿದ ವಿಜ್ಞಾನ ಅಂತ ನಾನು ನನ್ನ ಹುಡುಗರಿಗೆ ಹೇಳ್ತಿರ್ತೀನಿ. ಆಮೇಲೆ ಕಬ್ಬಿಣದ ಬದಲು ತಾಮ್ರ ಬೆರೆಸಿದ ಲೋಹದ ಬೋಲ್ಟು ಬಂತು, 1780ರ ದಶಕದಲ್ಲಿ ಇಡೀ ನೌಕಾಪಡೆಗೆ ತಾಮ್ರದ ಚಡ್ಡಿ ಹಾಕಿದ್ರು, ಆ ತಗಡಿನ ಗೋಡೌನೇ ಇದು. ಇವತ್ತಿಗೂ ನಮ್ಮ ಹಡಗಿನ ತಳಕ್ಕೆ ಬಳಿಯೋ ಬಣ್ಣದಲ್ಲಿ ತಾಮ್ರ ಇರತ್ತೆ. ಎದುರು ದಡದಲ್ಲಿ ಯಾಟುಗಳನ್ನ ಮೇಲೆತ್ತಿ ತಳ ಉಜ್ಜಿ ಬಣ್ಣ ಬಳೀತಿರೋದು ಕಾಣತ್ತೆ, ಮಗಳಿಗೆ ತೋರಿಸಿ, ಇನ್ನೂರೈವತ್ತು ವರ್ಷದಿಂದ ಅದೇ ಹುಳದ ಜೊತೆ ಅದೇ ಜಗಳ.

ಆಯ್ತು, ಇಷ್ಟೆಲ್ಲ ತಳ್ಳಿದ್ದು, ಕೆರೆದಿದ್ದು, ಕಲ್ಲು ಕಡಿದಿದ್ದು ಯಾರು? ಇದನ್ನ ಬಿಟ್ಟು ಆ ಜಾಗ ನೋಡಕ್ಕಾಗಲ್ಲ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1720ರ ದಶಕದಲ್ಲಿ ಕೆಲಸ ಶುರುವಾದಾಗ ಕಬ್ಬಿನ ತೋಟದ ಮಾಲೀಕರು ತಮ್ಮ ತಮ್ಮ ಗುಲಾಮರನ್ನ ಕಳಿಸಿ ಗುಡ್ಡ ಸಮ ಮಾಡಿಸಿದ್ರು, ಕಲ್ಲು ಹೊರಿಸಿದ್ರು. ಆಮೇಲೆ ನೌಕಾಪಡೆಯೇ ಕೆಲವರನ್ನ ಕೊಂಡ್ಕೊಳ್ತು. ಬರೀ ಹೊರೋ ಕೆಲಸ ಅಂತಲ್ಲ, ಬಡಗಿ, ಕಮ್ಮಾರ, ಸಂದಿಗೆ ನಾರು ತುಂಬೋ ಕುಶಲಿಗರು, ಹಾಯಿ ಹೊಲಿಯೋರು, ಇವರಲ್ಲಿ ತುಂಬ ಜನ ಅವರೇ. 1744ರ ಮಾರ್ಚ್ 8ಕ್ಕೆ ಕೆಲಸ ಮಾಡ್ತಿರುವಾಗ ಸಿಡಿಮದ್ದು ಸ್ಫೋಟ ಆಗಿ ಎಂಟು ಜನ ಸತ್ತರು. ಸಾಮಾನ್ಯವಾಗಿ ಇಂಥವರ ಹೆಸರು ಯಾವ ಕಾಗದದಲ್ಲೂ ಉಳಿಯಲ್ಲ, ಇವರದ್ದು ಉಳಿದಿದೆ: ಬ್ಯಾಪ್ಟಿಸ್ಟ್, ಕಜೋ, ಡಿಕ್, ಜಾನೋ, ಲೋಗೋ, ಸಿಪಿಯೋ, ಲಿಟ್ಲ್ ಟೋನಿ, ಕ್ವಾಮೊನೋ. ಡಾಕ್‌ಯಾರ್ಡಿನವರು ಈಗ ಆ ದಿನವನ್ನ ನೆನಪಿಟ್ಕೊಂಡು ಸ್ಮರಣೆ ಮಾಡ್ತಾರೆ, ಅವರ ಕಡೆಯ ಜನ ಇನ್ನೂ ಅಕ್ಕಪಕ್ಕದ ಹಳ್ಳಿಗಳಲ್ಲಿ ಇರಬಹುದು ಅಂತ ಹುಡುಕ್ತಿದಾರೆ. ಮ್ಯೂಸಿಯಂ ಸಣ್ಣದು, ಆದ್ರೆ ಈ ವಿಷಯ ಅಲ್ಲಿ ಕೇಳಿ, ಕೇಳಿದ್ರೆ ಗೈಡುಗಳು ಮನಸ್ಸು ಬಿಚ್ಚಿ ಮಾತಾಡ್ತಾರೆ, ಕೇಳದಿದ್ರೆ ನೆಲ್ಸನ್ ಕಥೆ ಹೇಳಿ ಮುಗಿಸ್ತಾರೆ. ದ್ವೀಪದಲ್ಲಿ ಗುಲಾಮಗಿರಿ ಹೋಗಿದ್ದು 1834ರ ಆಗಸ್ಟ್ 1ಕ್ಕೆ.

ಇನ್ನು ನೆಲ್ಸನ್. ಅವನು ಇಲ್ಲಿದ್ದಿದ್ದು 1784ರಿಂದ 1787ರವರೆಗೆ, ಬೋರಿಯಸ್ ಅನ್ನೋ 28 ಫಿರಂಗಿಯ ಹಡಗಿನ ಕ್ಯಾಪ್ಟನ್, ಬರುವಾಗ ಇನ್ನೂ ಇಪ್ಪತ್ತೈದು ವರ್ಷದ ಹುಡುಗ. ಅವನು ಗೆದ್ದು ಪ್ರಾಣ ಬಿಟ್ಟ ಟ್ರಫಾಲ್ಗರ್ ಸಮುದ್ರಯುದ್ಧ ಆಗಿದ್ದು 1805ರಲ್ಲಿ, ಅದು ತುಂಬ ಆಮೇಲೆ. ಲೆಕ್ಕ ಹಾಕಿ ನೋಡಿ: ಅಡ್ಮಿರಲ್ಸ್ ಇನ್ 1788, ದೋಣಿಮನೆ ಅವನು ಹೋಗಿ ಹತ್ತು ವರ್ಷದ ಮೇಲೆ, ಮ್ಯೂಸಿಯಂ ಇರೋ ಅಡ್ಮಿರಲ್ಸ್ ಹೌಸ್ ಅನ್ನೋ ಮನೆ 1855. ಅಂದ್ರೆ ಇವತ್ತು ನಾವು ನೋಡೋದ್ರಲ್ಲಿ ಮುಕ್ಕಾಲು ಪಾಲನ್ನ ನೆಲ್ಸನ್ ನೋಡೇ ಇಲ್ಲ! ಅವನಿಗೆ ಈ ಜಾಗ ಕಂಡ್ರೆ ಆಗ್ತಾನೂ ಇರಲಿಲ್ಲ, ಕಾಗದಗಳಲ್ಲಿ ಬೈಕೊಂಡಿದಾನೆ, ಸೊಳ್ಳೆ, ಸೆಕೆ, ಜ್ವರ. ಜ್ವರಕ್ಕೆ ತಲೆ ಬೋಳಿಸ್ಕೊಂಡು ವಿಗ್ ಹಾಕ್ಕೊಂಡಿದ್ದಾಗ ಗೆಳೆಯ ಕಾಲಿಂಗ್‌ವುಡ್ ಅವನ ಚಿತ್ರ ಬರೆದ, ಇವನು ಕಾಲಿಂಗ್‌ವುಡ್‌ನ ಚಿತ್ರ ಬರೆದ, ಎರಡೂ ಉಳಿದಿದಾವೆ. ಸ್ಥಳೀಯರಿಗೂ ಇವನನ್ನ ಕಂಡ್ರೆ ಆಗ್ತಿರಲಿಲ್ಲ, ಯಾಕಂದ್ರೆ ಅಮೆರಿಕ ಆಗಷ್ಟೇ ಸ್ವತಂತ್ರ ಆಗಿತ್ತು, ಅವರ ಹಡಗು ಈಗ ವಿದೇಶಿ ಹಡಗು, ಕಾನೂನು ಪ್ರಕಾರ ವ್ಯಾಪಾರ ಮಾಡೋ ಹಾಗಿಲ್ಲ ಅಂತ ಇವನು ಹಿಡಿದು ಹಿಡಿದು ಜಪ್ತಿ ಮಾಡ್ತಿದ್ದ. ವ್ಯಾಪಾರಿಗಳು, ಅಧಿಕಾರಿಗಳು ಎಲ್ಲರೂ ಸೇರಿ ಕಂಡೂ ಕಾಣದ ಹಾಗೆ ನಡೆಸ್ತಿದ್ದ ಧಂದೆ ಅದು. ಕೇಸು ಹಾಕಿದ್ರು, ಅರೆಸ್ಟ್ ಭಯಕ್ಕೆ ವಾರಗಟ್ಟಲೆ ಹಡಗಿಂದ ಕೆಳಗೆ ಇಳೀದೆ ಕೂತಿದ್ದ. 1787ರ ಮಾರ್ಚಲ್ಲಿ ಪಕ್ಕದ ನೆವಿಸ್ ದ್ವೀಪದಲ್ಲಿ ಫ್ಯಾನಿ ನಿಸ್ಬೆಟ್ ಅನ್ನೋ ವಿಧವೆಯನ್ನ ಮದುವೆಯಾಗಿ ಊರಿಗೆ ಹೋದ. ಅಷ್ಟೇ. ಹೆಸರು ಅಂಟಿದ್ದು ಇಪ್ಪತ್ತನೇ ಶತಮಾನದಲ್ಲಿ. 1889ಕ್ಕೆ ನೌಕಾಪಡೆ ಬೀಗ ಹಾಕಿತ್ತು, ಕಬ್ಬಿಣದ ದೊಡ್ಡ ಸ್ಟೀಮ್ ಹಡಗಿಗೆ ಈ ಸಣ್ಣ ಬಾಯಿ ಸಾಲ್ತಿರಲಿಲ್ಲ, ಅರವತ್ತು ವರ್ಷ ಹಾಳು ಬಿದ್ದಿತ್ತು, 1951ರಲ್ಲಿ ಆಗಿನ ಗವರ್ನರ್ ಬ್ಲ್ಯಾಕ್‌ಬರ್ನ್ ಮುಂದೆ ನಿಂತು ಒಂದು ಸೊಸೈಟಿ ಮಾಡಿ ರಿಪೇರಿ ಶುರು ಮಾಡಿಸಿ 1961ಕ್ಕೆ ತೆರೆದರು. ದುಡ್ಡು ಬರ್ಬೇಕು, ಜನ ಬರ್ಬೇಕು ಅಂದ್ರೆ ಬೋರ್ಡಿಗೆ ಒಂದು ದೊಡ್ಡ ಹೆಸರು ಬೇಕಲ್ಲ. ಬಾರ್ಬಡೋಸ್‌ನವರು 2020ರಲ್ಲಿ ಅವನ ಪ್ರತಿಮೆಯನ್ನೇ ಕೆಳಗಿಳಿಸಿದ್ರು. ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಬರೆದಿದ್ದು "ಆಂಟಿಗುವಾ ನೇವಲ್ ಡಾಕ್‌ಯಾರ್ಡ್" ಅಂತ, ನೆಲ್ಸನ್ ಹೆಸರಿಲ್ಲ. ನನಗೆ ಅದೇ ಸರಿ ಅನ್ಸತ್ತೆ.

ರೋಚಕ ಬೇಕು ಅಂದ್ರೆ ನೆಲ್ಸನ್‌ಗಿಂತ ಲಾರ್ಡ್ ಕ್ಯಾಮೆಲ್‌ಫರ್ಡ್ ಕಥೆ ಕೇಳಿ. 1798ರ ಜನವರಿ, ಇದೇ ಡಾಕ್‌ಯಾರ್ಡಲ್ಲಿ ಇಬ್ಬರು ಆಫೀಸರು, ಇವನು ಮತ್ತೆ ಪೀಟರ್ಸನ್. ಯಾರು ಸೀನಿಯರ್ ಅಂತ ಜಗಳ. ನನ್ನ ಆರ್ಡರ್ ಕೇಳು ಅಂದ ಕ್ಯಾಮೆಲ್‌ಫರ್ಡ್, ನಿನ್ನ ಆರ್ಡರ್ ನಾನ್ಯಾಕೆ ಕೇಳಲಿ ಅಂದ ಪೀಟರ್ಸನ್, ಕ್ಯಾಮೆಲ್‌ಫರ್ಡ್ ಪಿಸ್ತೂಲು ತೆಗೆದು ಅವನ ಎದೆಗೆ ಹೊಡೆದೇಬಿಟ್ಟ. ಕೋರ್ಟ್ ಮಾರ್ಷಲ್ ಆಯ್ತು, ಬಿಡುಗಡೆನೂ ಆಯ್ತು. ಕ್ಯಾಮೆಲ್‌ಫರ್ಡ್ ಆಗಿನ ಬ್ರಿಟಿಷ್ ಪ್ರಧಾನಿ ಪಿಟ್‌ನ ಸಂಬಂಧಿ ಅನ್ನೋದನ್ನೂ ಸೇರಿಸಿ ಓದ್ಕೊಳ್ಳಿ.

ನೀವು ಮೈಸೂರಿನವರು ಅಂದ್ರಲ್ಲ, ಒಂದು ವಿಷಯ ಹೇಳ್ಬೇಕು. ಡಾಕ್‌ಯಾರ್ಡಿನ ಮೇಲಿನ ಗುಡ್ಡ ಶರ್ಲಿ ಹೈಟ್ಸ್, ಅಲ್ಲಿನ ಕೋಟೆ ಬ್ಯಾರಕ್ಕುಗಳನ್ನ ಗವರ್ನರ್ ಥಾಮಸ್ ಶರ್ಲಿ 1781ರಿಂದ ಕಟ್ಟಿಸಿದ್ದು, ಫ್ರೆಂಚರು ಒಂದೊಂದೇ ದ್ವೀಪ ನುಂಗ್ತಿದ್ದ ಹೊತ್ತು. 1782ರ ಶುರುವಲ್ಲಿ ಪಕ್ಕದ ಸೇಂಟ್ ಕಿಟ್ಸ್ ಕೂಡ ಹೋಯ್ತು. ಅದೇ ವರ್ಷ, ಅದೇ ಯುದ್ಧ, ಭೂಮಿಯ ಇನ್ನೊಂದು ಕಡೆ ಹೈದರಾಲಿ ಜೊತೆ ಕೈಜೋಡಿಸಿ ಫ್ರೆಂಚ್ ಅಡ್ಮಿರಲ್ ಸಫ್ರೇನ್ ನಮ್ಮ ಪೂರ್ವ ಕರಾವಳಿಯಲ್ಲಿ ಬ್ರಿಟಿಷ್ ಹಡಗುಗಳನ್ನ ಅಟ್ಟಾಡಿಸ್ತಿದ್ದ. ಆರ್ಕಾಟಿನ ಕಡೆ ದಂಡು ಕಟ್ಕೊಂಡು ಲೆಕ್ಕ ಹಾಕ್ತಿದ್ದ ಹೈದರನಿಗೆ ಈ ಗುಡ್ಡದ ಹೆಸರು ಗೊತ್ತಿರಲಿಕ್ಕಿಲ್ಲ, ಆದ್ರೆ ಬ್ರಿಟಿಷರ ಒಂದೊಂದು ಹಡಗು ಇಲ್ಲಿರ್ಬೇಕಾ ಅಲ್ಲಿರ್ಬೇಕಾ ಅನ್ನೋ ಎಳೆದಾಟ ಒಂದೇ. ಅಪ್ಪಂಗೆ ಇದನ್ನ ಹೇಳಿ.

ಈಗ ನಿಮ್ಮ ದಿನದ ಲೆಕ್ಕ. ಹಡಗು ನಿಲ್ಲೋದು ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ, ದ್ವೀಪದ ವಾಯವ್ಯದಲ್ಲಿ. ಡಾಕ್‌ಯಾರ್ಡು ದಕ್ಷಿಣದ ತುದಿ, ಹದಿನೆಂಟು ಇಪ್ಪತ್ತು ಕಿಲೋಮೀಟರ್ ಅಷ್ಟೇ, ಆದ್ರೆ ರಸ್ತೆ ಹಳ್ಳಿ ಹಳ್ಳಿ ಹಾದು ಹೋಗತ್ತೆ, ಮುಕ್ಕಾಲು ಗಂಟೆ ಇಟ್ಕೊಳ್ಳಿ. 17ನೇ ನಂಬರ್ ಬಸ್ಸು (ಮಿನಿ ವ್ಯಾನು) ಮಾರ್ಕೆಟ್ ಪಕ್ಕದ ವೆಸ್ಟ್ ಬಸ್ ಸ್ಟೇಷನ್ನಿಂದ ಹೊರಡತ್ತೆ, ಅಗ್ಗ, ಊರ ಜನರ ಜೊತೆ ರೆಗ್ಗೇ ಕೇಳ್ಕೊಂಡು ಹೋಗೋ ಮಜಾ ಇದೆ, ಆದ್ರೆ ತುಂಬಿದ ಮೇಲೇ ಹೊರಡೋದು, ಭಾನುವಾರ ಸಿಗೋದು ಕಷ್ಟ. ಒಬ್ಬರೇ ಆಗಿದ್ರೆ ಬಸ್ಸೇ ಹತ್ತಿ ಅಂತಿದ್ದೆ. ಮಂಡಿ ನೋವಿನವರು, ಮಗು ಇದ್ದಾರೆ, ಐದು ಜನ ಬೇರೆ, ಟ್ಯಾಕ್ಸಿ ಮಾಡಿ, ಹೋಗಿ ಕಾದು ಕರ್ಕೊಂಡು ಬರೋ ಹಾಗೆ ಮಾತಾಡಿ. ಟ್ಯಾಕ್ಸಿಗೆ ಸರ್ಕಾರಿ ರೇಟ್ ಪಟ್ಟಿ ಇದೆ. ಡಾಲರ್ ಅಂದಾಗ ಯಾವ ಡಾಲರ್ ಅಂತ ಕೇಳ್ಕೊಳ್ಳಿ, ಅಲ್ಲಿನ ಈಸ್ಟ್ ಕೆರಿಬಿಯನ್ ಡಾಲರ್ 2.70 ಕೊಟ್ರೆ ಒಂದು ಅಮೆರಿಕನ್ ಡಾಲರ್. ನಾನು ಮೊದಲ ಸಲ ಮೆನುವಿನಲ್ಲಿ ರೇಟ್ ನೋಡಿ ಗಾಬರಿಯಾಗಿ ಬರೀ ಜ್ಯೂಸ್ ಕುಡಿದು ಎದ್ದು ಬಂದಿದ್ದೆ, ಆಮೇಲೆ ಗೊತ್ತಾಯ್ತು ಅದು ಇಸಿ ಡಾಲರ್ ಅಂತ.

ಎಂಟಕ್ಕೆ ಹಡಗು ನಿಂತ್ರೆ ಒಂಬತ್ತರೊಳಗೆ ಹೊರಟುಬಿಡಿ, ಹತ್ತೂವರೆ ಮೇಲೆ ಕ್ರೂಸ್ ಬಸ್ಸುಗಳು ಒಟ್ಟಿಗೆ ಬರ್ತವೆ. ಮೊದಲು ನೇರ ಡಾಕ್‌ಯಾರ್ಡು, ನೆಲ ಸಮತಟ್ಟು, ನೆರಳು, ಕೂರಕ್ಕೆ ಜಾಗ ಎಲ್ಲ ಇದೆ, ಅಪ್ಪ ಅಮ್ಮಂಗೆ ತೊಂದರೆ ಇಲ್ಲ. ಎರಡು ಗಂಟೆ ಆರಾಮಾಗಿ. ಮ್ಯೂಸಿಯಂ ಹಿಂದೆ ಒಂದು ಬೇಕರಿ ಇದೆ, ಬೆಳಿಗ್ಗೆ ಬಿಸಿ ಬ್ರೆಡ್ಡಿನ ವಾಸನೆ ಕರ್ಕೊಂಡು ಹೋಗತ್ತೆ, ಅಪ್ಪ ಅಮ್ಮನ್ನ ಅಲ್ಲಿ ಕೂರಿಸಿ ನೀವು ಮಗಳು ಬರ್ಕ್‌ಲಿ ಕೋಟೆಗೆ ನಡ್ಕೊಂಡು ಹೋಗ್ಬನ್ನಿ, ಕಾಪರ್ ಸ್ಟೋರ್ ಹಿಂದಿನಿಂದ ಕಾಲುದಾರಿ, ಹತ್ತು ಹದಿನೈದು ನಿಮಿಷ, ಕಲ್ಲುಮುಳ್ಳು, ಚಪ್ಪಲಿ ಬೇಡ ಶೂ ಹಾಕಿ. ಬಂದರಿನ ಬಾಯಲ್ಲೇ ಇದೆ ಕೋಟೆ. ಅಲ್ಲಿ ನಿಂತ್ರೆ ಆಗ ಗೊತ್ತಾಗತ್ತೆ ಬಾಯಿ ಎಷ್ಟು ಸಣ್ಣದು ಅಂತ, ಯುದ್ಧಕಾಲದಲ್ಲಿ ಅಡ್ಡಕ್ಕೆ ತಡೆ ಕಟ್ಟಿ ಮುಚ್ಚಿಬಿಡ್ತಿದ್ರು, ಗೇಟ್ ಹಾಕಿದ ಹಾಗೆ.

ಆಮೇಲೆ ಟ್ಯಾಕ್ಸಿಯಲ್ಲೇ ಶರ್ಲಿ ಹೈಟ್ಸ್ ಮೇಲಕ್ಕೆ, ರಸ್ತೆ ತುದಿವರೆಗೂ ಇದೆ. ಪೋಸ್ಟ್‌ಕಾರ್ಡಲ್ಲಿ ನೋಡಿರ್ತೀರಲ್ಲ, ಎರಡು ಬಂದರು ಪಕ್ಕ ಪಕ್ಕ, ಆ ಫೋಟೋ ಇಲ್ಲಿಂದಲೇ. ಮೋಡ ಇಲ್ಲದಿದ್ರೆ ಮಾಂಟ್‌ಸೆರಾಟ್ ದ್ವೀಪ ಕಾಣತ್ತೆ, 1995ರಲ್ಲಿ ಜ್ವಾಲಾಮುಖಿ ಎದ್ದು ರಾಜಧಾನಿಯನ್ನೇ ಬಿಟ್ಟು ಬರೋ ಹಾಗಾಯ್ತಲ್ಲ, ಅದು. ಭಾನುವಾರ ಸಂಜೆ ಇಲ್ಲಿ ಸ್ಟೀಲ್ ಬ್ಯಾಂಡು, ಕುಣಿತ ಎಲ್ಲ ಇರತ್ತೆ, ನಿಮಗೆ ಹಡಗಿನ ಟೈಮಿಗೆ ಅದು ಸಿಗಲ್ಲ. ಅಲ್ಲಿಂದ ಇಳಿದು ಪಿಜನ್ ಪಾಯಿಂಟ್ ಬೀಚು, ಡಾಕ್‌ಯಾರ್ಡಿಗೆ ತೀರಾ ಹತ್ತಿರ, ಅಲೆ ಕಮ್ಮಿ, ನೆರಳಿನ ಮರ ಇದೆ, ಮಗಳು ನೀರಲ್ಲಿ ಆಡಬಹುದು, ನಿಮ್ಮ ಮನೆಯವರ ಮಾತೂ ಉಳಿಯತ್ತೆ. ಆ ಕಡೆ ಬೀಚುಗಳಲ್ಲಿ ಮ್ಯಾಂಚಿನೀಲ್ ಅಂತ ಒಂದು ಮರ ಇರತ್ತೆ, ಸಣ್ಣ ಸೇಬಿನ ಥರ ಹಸಿರು ಕಾಯಿ, ಕಾಯಿನೂ ವಿಷ, ಹಾಲೂ ವಿಷ, ಮಳೆ ಬಂದಾಗ ಅದರ ಕೆಳಗೆ ನಿಂತ್ರೆ ಮೈಯೆಲ್ಲ ಬೊಬ್ಬೆ. ಬಿದ್ದಿರೋ ಕಾಯಿ ಮುಟ್ಬೇಡ ಅಂತ ಮಗಳಿಗೆ ಮೊದಲೇ ಹೇಳಿ. ಮಿಲಿಟರಿ ಡಿಸೈನಿನ ಬಟ್ಟೆ (ಕ್ಯಾಮೋಫ್ಲಾಜ್) ಟೋಪಿ ಚಡ್ಡಿ ಯಾವುದೂ ಹಾಕ್ಕೊಂಡು ಇಳೀಬೇಡಿ, ಅಲ್ಲಿ ಕಾನೂನು ಪ್ರಕಾರ ನಿಷೇಧ.

ಊಟದ್ದು ಅಮ್ಮಂಗೆ ಹೇಳಿ: ಫಂಜಿ ಅಂತ ಅಲ್ಲಿನ ಊಟ, ಮೆಕ್ಕೆಜೋಳದ ಹಿಟ್ಟಿಗೆ ಬೆಂಡೇಕಾಯಿ ಹಾಕಿ ತಿರುವಿ ತಿರುವಿ ಉಂಡೆ ಕಟ್ಟೋದು. ಮುದ್ದೆನೇ. ಕೋಲು ಸಮೇತ ಮುದ್ದೆ. ಜೊತೆಗೆ ಕೊಡೋ ಸಾರಲ್ಲಿ ಮಾಂಸ ಇರತ್ತೆ, ಸಸ್ಯಾಹಾರಿಗಳಾದ್ರೆ "ಐಟಲ್" ಅಂತ ಕೇಳಿ, ರಾಸ್ತಾಫಾರಿಗಳ ಅಡುಗೆ, ಮಾಂಸ ಹಾಕಲ್ಲ. ಡುಕಾನಾ ಅಂತ ಇನ್ನೊಂದು, ಗೆಣಸು ತೆಂಗಿನಕಾಯಿ ತುರಿದು ಸಕ್ಕರೆ ಹಾಕಿ ಎಲೆಯಲ್ಲಿ ಸುತ್ತಿ ಬೇಯಿಸೋದು, ತಿಂದು ನೋಡಿ ಕಡುಬು ನೆನಪಾಗದಿದ್ರೆ ಕೇಳಿ. ದಾರಿಬದಿ ಕಪ್ಪು ಅನಾನಸ್ ಸಿಕ್ಕರೆ ಬಿಡಬೇಡಿ, ಹೆಸರಷ್ಟೇ ಕಪ್ಪು, ಹಣ್ಣು ಸಣ್ಣದು, ಸಕ್ಕರೆ ಥರ ಸಿಹಿ.

ಟೈಮ್ ವಿಷಯದಲ್ಲಿ ಹುಷಾರು. ಆಂಟಿಗುವಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡಲ್ಲ, ಡಿಸೆಂಬರಲ್ಲಿ ಅದು ನ್ಯೂಜೆರ್ಸಿಗಿಂತ ಒಂದು ಗಂಟೆ ಮುಂದೆ. ಹಡಗು ಯಾವ ಟೈಮ್ ಪಾಲಿಸ್ತಿದೆ ಅಂತ ಇಳಿಯೋ ಮುಂಚೆ ಕೇಳ್ಕೊಂಡು ಒಂದು ಕೈಗಡಿಯಾರ ಅದಕ್ಕೇ ಇಟ್ಬಿಡಿ, ಫೋನು ತನ್ನಷ್ಟಕ್ಕೇ ಬದಲಾಗಿಬಿಡತ್ತೆ. ಅಪ್ಪ ಅಮ್ಮ ಇಂಡಿಯನ್ ಪಾಸ್‌ಪೋರ್ಟ್ ಆಗಿದ್ರೆ ದಾರಿಯ ಪ್ರತಿ ದ್ವೀಪದ ವೀಸಾ ನಿಯಮ ಈಗಲೇ ಕ್ರೂಸ್‌ನವರ ಹತ್ರ ಬರವಣಿಗೆಯಲ್ಲಿ ಕೇಳಿ ಇಟ್ಕೊಳ್ಳಿ.

ಮೂರೂವರೆಗೆ ಊರಿಗೆ ವಾಪಸ್ ಬಂದ್ರೆ ಅಪ್ಪನ ಸರದಿ. ಸೇಂಟ್ ಜಾನ್ಸ್‌ನಲ್ಲೇ, ಹಡಗುಕಟ್ಟೆಯಿಂದ ತುಂಬ ದೂರ ಇಲ್ಲ, ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್. ಈಗ ಟೆಸ್ಟ್ ಆಡೋದು 2007ರ ವರ್ಲ್ಡ್ ಕಪ್‌ಗೆ ಕಟ್ಟಿದ ಹೊಸ ಸ್ಟೇಡಿಯಂನಲ್ಲಿ, ವಿವಿಯನ್ ರಿಚರ್ಡ್ಸ್ ಹೆಸರಲ್ಲಿ, ಅಲ್ಲಿಗೆ ಹೋಗ್ಬೇಡಿ. ಈ ಹಳೇದಕ್ಕೇ ಹೋಗಿ. ಲಾರಾ 375 ಹೊಡೆದಿದ್ದು ಇಲ್ಲೇ, 400 ಹೊಡೆದಿದ್ದೂ ಇಲ್ಲೇ, ರಿಚರ್ಡ್ಸ್ 56 ಬಾಲಿಗೆ ಸೆಂಚುರಿ ಹೊಡೆದಿದ್ದೂ ಇಲ್ಲೇ. ಅದೆಲ್ಲ ಬಿಡಿ. 2002ರ ಮೇ ತಿಂಗಳಲ್ಲಿ ದವಡೆ ಮುರಿದ ನಮ್ಮ ಅನಿಲ್ ಕುಂಬ್ಳೆ ತಲೆಗೂ ಗಲ್ಲಕ್ಕೂ ಬ್ಯಾಂಡೇಜ್ ಸುತ್ಕೊಂಡು ಇಳಿದು 14 ಓವರ್ ಹಾಕಿ ಲಾರಾನ ಎಲ್ಬಿ ಮಾಡಿದ್ದು ಈ ಗ್ರೌಂಡಲ್ಲಿ. ಗೇಟ್ ತೆಗೆದಿದ್ರೆ ಒಳಗೆ ಹೋಗಿ, ಇಲ್ಲಾಂದ್ರೆ ಬೇಲಿ ಪಕ್ಕ ನಿಂತ್ಕೊಳ್ಳಿ, ಅಪ್ಪ ಅವತ್ತು ರಾತ್ರಿ ಮೈಸೂರಲ್ಲಿ ಎಚ್ಚರ ಇದ್ದು ಟಿವಿ ನೋಡಿರ್ತಾರೆ, ಯಾವ ಕಡೆಯಿಂದ ಓಡಿ ಬಂದ ಅಂತ ಅವರೇ ಕೈ ತೋರಿಸಿ ಹೇಳ್ತಾರೆ. ಅಲ್ಲಿಂದ ಹಡಗಿಗೆ ಟ್ಯಾಕ್ಸಿಯಲ್ಲಿ ಐದೇ ನಿಮಿಷ, ನಾಲ್ಕೂಕಾಲಿಗೆ ಹೊರಟುಬಿಡಿ.